ದೃಶ್ಯಕಾವ್ಯಕ್ಕೆ ಎರಡನೆಯ ನೋಟ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವು. 9ನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕವಿಯಾಗಬಯಸುವವನಿಗೆ ಬರಿಯ ವಿಧಿಗಳನ್ನು ಹೇಳಿ ಸುಮ್ಮನಾಗುವದಿಲ್ಲ, ದೋಷವುಳ್ಳ ಪ್ರಯೋಗವನ್ನೂ ಅದನ್ನು ತಿದ್ದಿದ ಬಗೆಯನ್ನೂ ಉದಾಹರಿಸುವದು. ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಇಂದು ಚಲಚ್ಚಿತ್ರ ರಚನೆಗೆ ಹಂಬಲಿಸುವ ತರುಣನಿಗೂ ಇದೇ ಮಾರ್ಗವು ತಕ್ಕದ್ದು. ಅವನು ಚಿತ್ರವನ್ನು ಮೊದಲು ಸಹೃದಯನಾಗಿ ನೋಡಲಿ. ಮರಳಿ ನೋಡುವಾಗ ಒಂದೊಂದು ದೃಶ್ಯವನ್ನೂ ಮನದಲ್ಲೇ ತೆಗೆದಿಟ್ಟು, ಕಥೆಗೆ ಏನು ಕುಂದಾಯಿತೆಂದು ಪರೀಕ್ಷಿಸಲಿ.

ಇಂತಹ ಪರೀಕ್ಷೆಗೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವು (1977) ಯೋಗ್ಯವಾದುದು. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಈ ಚಿತ್ರಕ್ಕೆ ಆ ವರ್ಷದ ಸ್ವರ್ಣಕಮಲವು ದೊರೆಯಿತು. ವೇದಪಾಠಶಾಲೆಗೆ ಬಂದ ಬಾಲಕ ನಾಣಿಗೆ ಗುರುಪುತ್ರಿಯಾದ ವಿಧವೆ ಯಮುನೆಯೇ ಆಸರೆ. ಆಕೆ ಗರ್ಭಿಣಿಯೆಂಬುದು ಬಯಲಾಗಲು, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧವನ್ನು ಮಾಡುವನು. ಇದು ಅನ್ಯಾಯವೆಂದು ಅಲ್ಲಿ ಯಾರೂ ಭಾಷಣ ಮಾಡುವದಿಲ್ಲ. ಏನೂ ಪೂರ್ತಿಯಾಗಿ ತಿಳಿಯದ ಬಾಲಕನ ಕಣ್ಣೇ ಚಿತ್ರಕಥೆಯ ಸೂತ್ರವು. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನೆಯನ್ನು ಊರಿಗೆ ಹೊರಟ ನಾಣಿಯು ಕಾಣುವನು. ಆ ಬಾಲಕನನ್ನು ತೆಗೆದಿಟ್ಟರೆ ಉಳಿಯುವದು ಬರಿಯ ವಾರ್ತೆ, ರಸವಲ್ಲ.

ಈ ಚಿತ್ರವು ಪಾಠಶಾಲೆಯನ್ನು ಹೀಗಳೆಯುವದೆಂದು ಶಾಸ್ತ್ರಾಧ್ಯಯನ ಮಾಡಿದವರು ನೊಂದುಕೊಳ್ಳಬಹುದು. ಎರಡನೆಯ ನೋಟಕ್ಕೆ ಬೇರೊಂದು ಕಾಣುವದು: ಮಂತ್ರವೆಲ್ಲ ಕಂಠಸ್ಥವಿದ್ದ ಆ ಮನೆಯಲ್ಲಿ ಕರುಣೆಯು ಒಬ್ಬ ಹುಡುಗನಲ್ಲಿ ಮಾತ್ರ ಉಳಿದಿತ್ತು. ಆದುದರಿಂದ ಚಿತ್ರಕಥೆಯನ್ನು ಬರೆಯಹೊರಟವನು ಪಾತ್ರಗಳ ಮಾತಿಗೆ ತೊಡಗುವ ಮುನ್ನ, ನೋಡುವ ಕಣ್ಣು ಯಾರದೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು.