ಬಿಟ್ಟಿದ್ದು ನಾನು, ಹೊತ್ತಿದ್ದು ಅವಳು

‘ಸ್ಮಾರ್ಟ್‌ಫೋನ್ ಬಿಟ್ಟೆ, ಬದುಕು ಸಿಕ್ಕಿತು’ ಅನ್ನುವ ಧಾಟಿಯ ಬರಹಗಳನ್ನು ನೀವೂ ಓದಿರುತ್ತೀರಿ. ಬಹುಶಃ ಫೋನಿನಲ್ಲೇ, ರಾತ್ರಿ ಹನ್ನೆರಡು ದಾಟಿದ ಮೇಲೆ. ಎಲ್ಲದರಲ್ಲೂ ಕತೆ ಒಂದೇ. ಮೊದಲ ವಾರ ಚಡಪಡಿಕೆ, ಎರಡನೇ ವಾರ ಒಳ್ಳೆ ನಿದ್ದೆ, ಮೂರನೇ ವಾರ ಬಾಲ್ಕನಿಯಲ್ಲಿ ಗುಬ್ಬಚ್ಚಿ. ಅಂಥದ್ದೊಂದು ನಾನೂ ಬರೆಯಬೇಕು ಅನ್ನುವ ಆಸೆಯಿಂದಲೇ 1500 ರೂಪಾಯಿ ಕೊಟ್ಟು ಕೀಪ್ಯಾಡ್ ಫೋನ್ ತಂದೆ. ಒಂದು ತಿಂಗಳು ಬಳಸಿದೆ. ಆದರೆ ಆ ಬರಹ ಬರೆಯೋಕಾಗಲಿಲ್ಲ. ಈಗ ನನ್ನಲ್ಲಿರುವುದು ಅಂಥ ಬರಹಗಳ ಮೇಲಿನ ಒಂದು ತಕರಾರು ಮಾತ್ರ.

ತಲೆಗೆ ಈ ಹುಳ ಬಿಟ್ಟಿದ್ದು ಕ್ಯಾಲ್ ನ್ಯೂಪೋರ್ಟ್ ಅವರ ‘ಡಿಜಿಟಲ್ ಮಿನಿಮಲಿಸಂ’. 2019ರಲ್ಲಿ ಬಂದ ಪುಸ್ತಕ. ಬರೆದವರು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್. ಎಲ್ಲರೂ ಕೀಪ್ಯಾಡ್ ಫೋನಿಗೆ ಹೋಗಿ ಅಂತ ಅವರೇನೂ ಹೇಳುವುದಿಲ್ಲ. ಇಲ್ಲದಿದ್ದರೂ ನಡೆಯುವಂಥ ಆಪ್‌ಗಳನ್ನೆಲ್ಲ 30 ದಿನ ಬಿಟ್ಟುನೋಡಿ, ಆಮೇಲೆ ನಿಜಕ್ಕೂ ಬೇಕಾದದ್ದನ್ನು ಮಾತ್ರ ಒಂದೊಂದಾಗಿ ಒಳಗೆ ಬಿಟ್ಟುಕೊಳ್ಳಿ ಅನ್ನುತ್ತಾರೆ. ನಮ್ಮ ಗಮನವನ್ನೇ ಕಂಪನಿಗಳು ಹೇಗೆ ದುಡ್ಡು ಮಾಡಿಕೊಂಡಿವೆ ಅಂತ ವಿವರಿಸುವ ಭಾಗ ಚೆನ್ನಾಗಿದೆ. ಅನುಕೂಲವನ್ನು ಅನಿವಾರ್ಯ ಅಂದುಕೊಂಡು ಮೋಸ ಹೋಗಬೇಡಿ ಅನ್ನುವ ಎಚ್ಚರಿಕೆಯೂ ಸರಿಯಾದದ್ದೇ.

ಲಾಭ ಆಗಲಿಲ್ಲ ಅಂತಲ್ಲ. ಐದನೇ ದಿನಕ್ಕೇ ನಿದ್ದೆ ಸರಿಹೋಯಿತು. ಇಂದಿರಾನಗರದಿಂದ ವಿಜಯನಗರಕ್ಕೆ ಮೆಟ್ರೋದಲ್ಲಿ ಹೋಗಿಬರುತ್ತಾ ಒಂದು ದಪ್ಪ ಕಾದಂಬರಿ ಮುಗಿಸಿದೆ. ಅಮ್ಮ ಕಳಿಸುವ ಕನ್ನಡ ಮೆಸೇಜು ನನ್ನ ಹೊಸ ಫೋನಿನಲ್ಲಿ ಬರೀ ಚೌಕ ಚೌಕವಾಗಿ ಕಾಣಿಸುತ್ತಿತ್ತು. ಹಾಗಾಗಿ ಏನು ಕಳಿಸಿದ್ದೀಯ ಅಂತ ಫೋನ್ ಮಾಡಿಯೇ ಕೇಳಬೇಕು. ಹಾಗೆ ಶುರುವಾದ ಮಾತು ಅರ್ಧ ಗಂಟೆ ನಡೆಯುತ್ತಿತ್ತು. ಇದೆಲ್ಲ ಸುಳ್ಳಲ್ಲ.

ಆದರೆ ಯಾವುದು ಇಲ್ಲದಿದ್ದರೂ ನಡೆಯುತ್ತದೆ, ಯಾವುದು ಇಲ್ಲದಿದ್ದರೆ ನಡೆಯುವುದಿಲ್ಲ? ನ್ಯೂಪೋರ್ಟ್ ಕೊಡುವ ಅಳತೆಗೋಲು ಸರಳ. ಸ್ವಲ್ಪ ದಿನ ಅದನ್ನು ತೆಗೆದಿಟ್ಟರೆ ನಿಮ್ಮ ಕೆಲಸಕ್ಕೋ ಮನೆಯ ಬದುಕಿಗೋ ದೊಡ್ಡ ಏಟು ಬೀಳದಿದ್ದರೆ ಅದನ್ನು ಬಿಡಬಹುದು. ನನ್ನ ತಕರಾರು ಇರುವುದು ಇಲ್ಲೇ. ಈ ‘ನಿಮ್ಮ’ ಅಂದರೆ ಯಾರ?

ನನ್ನ ಬದುಕಿಗೆ ಏಟೇನೂ ಬೀಳಲಿಲ್ಲ. ಬ್ಯಾಂಕಿನ ಆಪ್ ಹೆಂಡತಿಯ ಫೋನಿಗೆ ಹೋಯಿತು. ಗ್ಯಾಸ್, ಕರೆಂಟ್ ಬಿಲ್ಲು ಅವಳೇ ಕಟ್ಟಿದಳು. ಅಪಾರ್ಟ್‌ಮೆಂಟಿನ ಗೇಟಿಗೆ ಯಾರೇ ಬಂದರೂ ಒಳಗೆ ಬಿಡಬೇಕೋ ಬೇಡವೋ ಅಂತ ಕೇಳುವ ನೋಟಿಫಿಕೇಶನ್ ಅವಳಿಗೇ. ನಾನು ರಾತ್ರಿ ಲೇಟಾಗಿ ಆಫೀಸಿನಿಂದ ಹೊರಟರೆ, ಕ್ಯಾಬ್ ಬುಕ್ ಮಾಡಿ ಗಾಡಿ ನಂಬರನ್ನು ಎಸ್ಸೆಮ್ಮೆಸ್ ಮಾಡುವವಳು ಅವಳು. ಆಫೀಸಿನಲ್ಲಿ ಲಾಗಿನ್ ಆಗುವಾಗ ಕೋಡ್ ಕೊಡುವ ಆಪ್‌ಗೆ ಅಂತ ಹಳೇ ಫೋನನ್ನು ಡ್ರಾದಲ್ಲಿ ಇಟ್ಟುಕೊಂಡಿದ್ದೆ. ಅಂದರೆ ಅಷ್ಟರಮಟ್ಟಿಗೆ ನಾನೂ ಬಿಟ್ಟಿರಲಿಲ್ಲ. ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದನ್ನು ಪಕ್ಕದ ಸೀಟಿನ ಗೆಳೆಯ ದಿನಕ್ಕೆರಡು ಸಲ ಓದಿ ಹೇಳುತ್ತಿದ್ದ. ಪಾಪ, ಅವನಿಗೂ ಒಂದು ಕೆಲಸ ಹೆಚ್ಚಾಯಿತು.

ಮೂರನೇ ವಾರ ತೀರ್ಥಹಳ್ಳಿಯಲ್ಲಿ ಅಪ್ಪನಿಗೆ ರಕ್ತಪರೀಕ್ಷೆ ಮಾಡಿಸಿದರು. ರಿಪೋರ್ಟ್ ವಾಟ್ಸಾಪಿನಲ್ಲಿ ಬರುತ್ತದಲ್ಲ, ಹೆಂಡತಿಯ ನಂಬರ್ ಕೊಟ್ಟಿದ್ದೆ. ಅವಳು ಕ್ಲೈಂಟ್ ಮೀಟಿಂಗಿನಲ್ಲಿದ್ದಾಗ ಅದು ಬಂತು. ಕ್ರಿಯಾಟಿನಿನ್ ಜಾಸ್ತಿ ಇತ್ತು. ಅವಳು ಮೀಟಿಂಗಿನಿಂದ ಎದ್ದುಹೋಗಿ ಡಾಕ್ಟರಿಗೆ ಕಳಿಸಿ, ಅಪ್ಪನಿಗೆ ಗಾಬರಿಯಾಗದಂತೆ ಮಾತಾಡಿ, ಅಪಾಯಿಂಟ್‌ಮೆಂಟ್ ತಗೊಂಡು, ಅವರು ಬರೋಕೆ ಬಸ್ ಟಿಕೆಟ್ಟನ್ನೂ ಬುಕ್ ಮಾಡಿದಳು. ನನಗೂ ಫೋನ್ ಮಾಡಿದ್ದಳಂತೆ. ಓದುವಾಗ ತೊಂದರೆ ಬೇಡ ಅಂತ ನಾನು ಸೈಲೆಂಟಿಗೆ ಹಾಕಿದ್ದೆ. ಸಂಜೆ ಮನೆಗೆ ಬಂದವಳು ಹೇಳಿದ್ದು ಒಂದೇ ಮಾತು: ‘ನೀನು ಫೋನ್ ಬಿಟ್ಟಿಲ್ಲ ಕಣೋ, ನನಗೆ ಕೊಟ್ಟಿದ್ದೀಯ. ನಾನೀಗ ಎರಡು ಫೋನ್ ನೋಡ್ತಿದ್ದೀನಿ, ಎರಡೂ ಒಂದೇ ಡಬ್ಬೀಲಿದೆ ಅಷ್ಟೇ.’

ಪುಸ್ತಕದ ಅಳತೆಗೋಲಿನಲ್ಲಿ ನಾನು ಪಾಸಾಗಿದ್ದೆ. ಏಟೆಲ್ಲ ಅವಳ ದಿನದ ಮೇಲೆ ಬಿದ್ದಿತ್ತು.

ಅದೇ ವಾರ ಗೇಟಿನಲ್ಲಿ ನನ್ನ ಫೋನ್ ನೋಡಿದ ಸೆಕ್ಯೂರಿಟಿಯವರು ನಕ್ಕರು. ಯಾದಗಿರಿ ಕಡೆಯವರು, ಅರವತ್ತರ ಹತ್ತಿರ ಇರಬೇಕು. ಅವರ ಕೈಯಲ್ಲೂ ಹೆಚ್ಚುಕಮ್ಮಿ ಅಂಥದ್ದೇ ಫೋನ್. ‘ನೀವ್ಯಾಕ್ರೀ ಸರ ಇದನ್ನ ಹಿಡಕೊಂಡೀರಿ?’ ಅಂದರು. ನೆಮ್ಮದಿಗೆ ಅಂದೆ. ಅದಕ್ಕವರು, ‘ನಮಗ ಇದರಿಂದನ ನೆಮ್ಮದಿ ಇಲ್ರೀ. ಹಾಜರಿ ಹಾಕಾಕ ದಿನಾ ಆ ಹುಡುಗನ ಫೋನ್ ಕೇಳಬೇಕು. ಅವ ರಜಾ ಹಾಕಿದ್ರ ನಂದೂ ರಜಾ ಅಂತ ಬರೀತಾರ’ ಅಂದರು. ಅವರ ಏಜೆನ್ಸಿಯಲ್ಲಿ ಹಾಜರಿಗೂ ಆಪ್ ಅಂತೆ.

ತಮಾಷೆ ನೋಡಿ. 2003ರಲ್ಲಿ ಬಂದ ನೋಕಿಯಾ 1100 ನಿಮಗೆ ನೆನಪಿರಬಹುದು. ಧೂಳು ಹೋಗದ ಕೀಪ್ಯಾಡು, ತುದಿಯಲ್ಲೊಂದು ಟಾರ್ಚು. ನಮ್ಮಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಫೋನು, ಜಗತ್ತಿನಲ್ಲಿ 20 ಕೋಟಿಗೂ ಹೆಚ್ಚು ಮಾರಾಟವಾಯಿತು. ಆಗ ಅದು ಕೈಗೆ ಬಂದರೆ ಊರಿನ ಬಾಗಿಲುಗಳು ತೆರೆಯುತ್ತಿದ್ದವು. ಇವತ್ತು ಅಂಥದ್ದೇ ಫೋನ್ ಕೈಯಲ್ಲಿದ್ದರೆ ಬಾಗಿಲು ತೆರೆಯಲು ಇನ್ನೊಬ್ಬರನ್ನು ಕರೆಯಬೇಕು. ಫೋನ್ ಹೆಚ್ಚೇನೂ ಬದಲಾಗಿಲ್ಲ, ಸುತ್ತಲಿನ ಊರು ಬದಲಾಗಿದೆ. ಕೀಪ್ಯಾಡ್ ಫೋನಿನವರಿಗೂ ಯುಪಿಐ ಇರಲಿ ಅಂತ 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ‘123ಪೇ’ ಅಂತ ಒಂದು ವ್ಯವಸ್ಥೆ ತಂದಿತು, ನಿಜ. ಆದರೆ ತರಕಾರಿ ಗಾಡಿಯ ಮುಂದೆ ನಿಂತು, ಕಿವಿಗೆ ಫೋನ್ ಹಿಡಿದು, ಒಂದೊಂದೇ ಗುಂಡಿ ಒತ್ತುತ್ತಾ 40 ರೂಪಾಯಿ ಕೊಡುವ ತಾಳ್ಮೆ ನನಗಿರಲಿಲ್ಲ. ಹಾಗಾಗಿ ಪರ್ಸಿನಲ್ಲಿ ನೋಟು ಇಟ್ಟುಕೊಂಡೆ. ಅದನ್ನು ಎಟಿಎಮ್ಮಿನಿಂದ ತರುತ್ತಿದ್ದವಳೂ ಬಹಳ ಸಲ ಅವಳೇ.

‘ಬಿಟ್ಟೆ’ ಅಂತ ಬರೆಯುವವರು ಹೆಚ್ಚಾಗಿ ನನ್ನಂಥವರು: ಸಂಬಳ ಬರುವವರು, ಮನೆಯಲ್ಲಿ ಇನ್ನೊಂದು ಸ್ಮಾರ್ಟ್‌ಫೋನ್ ಇರುವವರು. ನಮಗೆ ಬೇಕೆಂದಾಗ ವಾಪಸ್ ಬರಬಹುದು. ಆ ಬರಹಗಳಲ್ಲಿ ಗುಬ್ಬಚ್ಚಿ ಬರುತ್ತದೆ, ಒಟಿಪಿ ಓದಿ ಹೇಳಿದವರ ಹೆಸರು ಬರುವುದಿಲ್ಲ. ಇನ್ನು ಮುಂದೆ ಅಂಥದ್ದು ಓದುವಾಗ ಇದೊಂದನ್ನು ಹುಡುಕಿ: ಇವರ ಬಿಲ್ಲು ಯಾರು ಕಟ್ಟಿದರು? ಅದಕ್ಕೆ ಉತ್ತರ ಇಲ್ಲದಿದ್ದರೆ ಆ ಬರಹ ಅರ್ಧ ಮಾತ್ರ ಅಂತ ನನ್ನ ಲೆಕ್ಕ.

ಸಿಮ್ಮು ಮತ್ತೆ ಹಳೇ ಫೋನಿಗೆ ಹೋಗಿದೆ. ರೀಲ್ಸು, ನ್ಯೂಸು ತೆಗೆದಿದ್ದೇನೆ, ರಾತ್ರಿ ಫೋನ್ ಹಾಲಿನಲ್ಲೇ ಇರುತ್ತದೆ. ನಿದ್ದೆ ಈಗಲೂ ಪರವಾಗಿಲ್ಲ. ಬಿಲ್ಲು, ಗೇಟು, ಅಪ್ಪನ ರಿಪೋರ್ಟು ಈಗ ನನ್ನವು. ಅವರ ಔಷಧಿ ಬದಲಾಗಿದೆ, ಮುಂದಿನ ಪರೀಕ್ಷೆ ಮುಂದಿನ ತಿಂಗಳು.

ಹೋದ ಭಾನುವಾರ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸಭೆಯಲ್ಲಿ, ಸೆಕ್ಯೂರಿಟಿಯವರಿಗೆ ಪುಸ್ತಕದಲ್ಲೂ ಸಹಿ ಹಾಕಲು ಬಿಡುವಂತೆ ಏಜೆನ್ಸಿಗೆ ಹೇಳೋಣ ಅಂದೆ. ‘ಈ ಕಾಲದಲ್ಲಿ ಪುಸ್ತಕನಾ?’ ಅಂತ ಒಬ್ಬರು ನಕ್ಕರು. ಒಂದು ಪತ್ರ ಬರೆದುಕೊಡಿ, ನೋಡೋಣ ಅಂದರು ಕಾರ್ಯದರ್ಶಿ. ಹೆಂಡತಿ ನನ್ನ ಮುಖ ನೋಡಿದಳು. ನಾನೇ ಬರೀತೀನಿ ಅಂದೆ.