ಗುಲಾಮಗಿರಿ ಯಾರ ಭಕ್ತಿಗೆ ಮಣಿಯಿತು?

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಹೇಗೆ ಕೊನೆಗೊಂಡಿತು ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಸಂತಚರಿತ್ರೆ. ಮೋಜುಗಾರ ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ 1785ರ ಸುಮಾರಿಗೆ ದೇವರತ್ತ ತಿರುಗಿದ. ಗುಲಾಮರ ವ್ಯಾಪಾರ ನಿಲ್ಲಿಸುವುದೇ ದೇವರು ತನಗೊಪ್ಪಿಸಿದ ಕೆಲಸವೆಂದು ನಂಬಿದ. ಸಂಸತ್ತಿನಲ್ಲಿ ಸೋತು ಸೋತು 1807ರಲ್ಲಿ ಗೆದ್ದ. 1833ರಲ್ಲಿ ವಿಮೋಚನೆಯ ಮಸೂದೆ ಕಾಮನ್ಸ್ ಸಭೆಯನ್ನು ದಾಟಿದ ಸುದ್ದಿ ಕೇಳಿ, ಮೂರು ದಿನಕ್ಕೆ ಕಣ್ಣು ಮುಚ್ಚಿದ. ಇದರಲ್ಲಿ ಸುಳ್ಳೇನಿಲ್ಲ. ಆದರೆ 1807ರ ಕಾಯ್ದೆ ನಿಲ್ಲಿಸಿದ್ದು ವ್ಯಾಪಾರವನ್ನು ಮಾತ್ರ. ಕಬ್ಬಿನ ತೋಟಗಳಲ್ಲಿದ್ದ ಲಕ್ಷಾಂತರ ಜನ ಇನ್ನೂ ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಕಾಲ ಗುಲಾಮರಾಗಿಯೇ ದುಡಿದರು. ಸಂತಚರಿತ್ರೆಗೆ ಆ ವರ್ಷಗಳು ಲೆಕ್ಕಕ್ಕಿಲ್ಲ.

ಎದುರುಪಕ್ಷದ ವಾದವೂ ಈಗ ಹಳತಾಗಿದೆ. ಇತಿಹಾಸಕಾರ ಎರಿಕ್ ವಿಲಿಯಮ್ಸ್ 1944ರಲ್ಲೇ ಸಕ್ಕರೆ ಆರ್ಥಿಕತೆಯ ಕುಸಿತದತ್ತ ಬೆರಳು ತೋರಿಸಿದ್ದ. ಅಲ್ಲಿಂದೀಚೆಗೆ ಭಕ್ತಿಯೆಲ್ಲ ಬರೀ ಮುಖವಾಡ ಎನ್ನುವುದು ಬುದ್ಧಿವಂತರ ಲಕ್ಷಣವಾಗಿಬಿಟ್ಟಿದೆ. ನಾನು ಅದನ್ನೂ ಒಪ್ಪಲಾರೆ. ಭಕ್ತಿ ಕೆಲಸ ಮಾಡಿತು, ನಿಜ. ಯಾರ ಭಕ್ತಿ ಎಂಬಲ್ಲಿ ನನ್ನ ತಕರಾರು.

ವಿಲ್ಬರ್‌ಫೋರ್ಸ್‌ನ ಭಕ್ತಿ ಶಿಸ್ತಿನದು, ತಾಳ್ಮೆಯದು. ಸೋತಷ್ಟೂ ಮಸೂದೆ ತರುವ ಛಲ ಕೊಟ್ಟದ್ದು ಅದೇ, ಮೇಲುಕೀಳಿನ ಸಾಮಾಜಿಕ ವ್ಯವಸ್ಥೆಯನ್ನು ದೇವರ ಏರ್ಪಾಡೆಂದು ಕಾಣಿಸಿದ್ದೂ ಅದೇ. 1823ರಲ್ಲಿ ಹುಟ್ಟಿದ, ಅವನೂ ಮುಂದಾಳಾಗಿದ್ದ ಸಂಘದ ಹೆಸರಿನಲ್ಲೇ ಗುಲಾಮಗಿರಿಯ ‘ಕ್ರಮೇಣ’ ನಿರ್ಮೂಲನೆ ಎಂದಿತ್ತು. ಮರುವರ್ಷವೇ ಕ್ವೇಕರ್ ಪಂಥದ ಎಲಿಜಬೆತ್ ಹೇರಿಕ್, ಕ್ರಮೇಣ ಬೇಡ, ಈಗಲೇ ಆಗಲಿ ಎಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದಳು. ಹೆಂಗಸರು ಸಂಘ ಕಟ್ಟಿ ಮನೆಮನೆ ತಿರುಗಿ ಸಹಿ ಸಂಗ್ರಹಿಸುವುದು ವಿಲ್ಬರ್‌ಫೋರ್ಸ್‌ಗೆ ಹಿಡಿಸಲಿಲ್ಲ. ಅದು ಧರ್ಮಗ್ರಂಥ ಒಪ್ಪುವ ಹೆಣ್ಣಿನ ನಡತೆಯಲ್ಲ ಎಂಬುದು ಅವನ ಅಭಿಪ್ರಾಯ. (ಆ ಹೆಂಗಸರು ಅವನ ಮಾತು ಕೇಳಲಿಲ್ಲ, ಪುಣ್ಯ.)

ಈಗ ಜಮೈಕಾಕ್ಕೆ ಬನ್ನಿ. ಮಾಂಟೆಗೊ ಬೇಯ ಸ್ಯಾಮ್ ಶಾರ್ಪ್ ಗುಲಾಮ. ಓದುಬರಹ ಬಲ್ಲವನು, ಬ್ಯಾಪ್ಟಿಸ್ಟ್ ಸಭೆಯ ಡೀಕನ್. ಮನುಷ್ಯನ ಮೇಲೆ ಮನುಷ್ಯನಿಗೆ ಒಡೆತನವಿಲ್ಲ ಎಂಬುದು ಅವನು ಬೈಬಲ್ ಓದಿ ಕಂಡುಕೊಂಡ ಅರ್ಥ. 1831ರ ಕ್ರಿಸ್‌ಮಸ್ ಮುಗಿದ ಮೇಲೆ ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲ ಎಂದು ಪ್ರಾರ್ಥನಾ ಕೂಟಗಳಲ್ಲಿ ಜನರಿಂದ ಬೈಬಲ್ ಮೇಲೆ ಆಣೆ ಮಾಡಿಸಿದ. ಮುಷ್ಕರವೆಂದು ಶುರುವಾದದ್ದು ಡಿಸೆಂಬರ್ 27ರ ರಾತ್ರಿ ಕೆನ್ಸಿಂಗ್ಟನ್ ತೋಟಕ್ಕೆ ಬೆಂಕಿ ಬಿದ್ದು ದಂಗೆಯಾಯಿತು. ಮೂರು ಲಕ್ಷ ಗುಲಾಮರ ದ್ವೀಪದಲ್ಲಿ ಸುಮಾರು ಅರವತ್ತು ಸಾವಿರ ಜನ ಎದ್ದರು. ದಂಗೆ ಅಡಗಿದ ಮೇಲೆ ಮುನ್ನೂರಕ್ಕೂ ಹೆಚ್ಚು ಮಂದಿಗೆ ಮರಣದಂಡನೆಯಾಯಿತು. 1832ರ ಮೇ 23ರಂದು ಶಾರ್ಪ್‌ನನ್ನು ಗಲ್ಲಿಗೇರಿಸಿದರು.

ಬಿಳಿಯ ಮಿಷನರಿಗಳು ಆ ತನಕ ಹೇಳುತ್ತಿದ್ದದ್ದು ತಾಳ್ಮೆಯ ಪಾಠ. ವಿಲಿಯಂ ನಿಬ್ ಕೂಡ ದಂಗೆ ಬೇಡವೆಂದೇ ಬೋಧಿಸಿದ್ದ. ತೋಟದ ಒಡೆಯರ ಕಡೆಯವರು ಪ್ರಾರ್ಥನಾಲಯಗಳನ್ನು ಕೆಡವಿದ ಮೇಲೆ ಅವನು ಇಂಗ್ಲೆಂಡಿಗೆ ಹೋಗಿ, ಗುಲಾಮಗಿರಿ ಮುಗಿಯಲೇಬೇಕು ಎಂದು ಊರೂರು ಸಾರಿದ, ಸಂಸದೀಯ ಸಮಿತಿಯೆದುರು ಸಾಕ್ಷಿ ನುಡಿದ. ಅಂದರೆ ಗುಲಾಮರ ಭಕ್ತಿ ಗುರುವನ್ನೇ ತಿದ್ದಿತು. ಶಾರ್ಪ್ ಸತ್ತ ಹದಿನೈದು ತಿಂಗಳಲ್ಲಿ ಕಾಯ್ದೆಯಾಯಿತು. ವಿಲ್ಬರ್‌ಫೋರ್ಸ್ ಸಂಸತ್ತು ಬಿಟ್ಟು ಆಗಲೇ ಎಂಟು ವರ್ಷ.

ಆ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಅನ್ವಯಿಸಲಿಲ್ಲ. ನಮ್ಮ ಕೆನರಾ ಜಿಲ್ಲೆಯ ಗದ್ದೆಗಳಲ್ಲಿ ವಂಶಪಾರಂಪರ್ಯವಾಗಿ ಗುಲಾಮರಾಗಿ ದುಡಿಯುತ್ತಿದ್ದ ಮೂಲದಾಳುಗಳು 1843ರ ಕಾಯ್ದೆಗೆ ಕಾಯಬೇಕಾಯಿತು, ಅದೂ ಕಾಗದದ ಮೇಲೆ. 1833ರ ಕಾಯ್ದೆ ಅನ್ವಯಿಸಿದ ವಸಾಹತುಗಳಲ್ಲಿ ಒಡೆಯರಿಗೆ ಒಟ್ಟು 2 ಕೋಟಿ ಪೌಂಡ್ ಪರಿಹಾರ ಸಿಕ್ಕಿತು, ಬಿಡುಗಡೆಯಾದವರಿಗೆ ಬಿಡಿಗಾಸೂ ಸಿಗಲಿಲ್ಲ. ಪರಿಹಾರ ಪಡೆದವರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಸುವಾರ್ತಾ ಪ್ರಚಾರ ಸಂಘವೂ ಇತ್ತು: ಬಾರ್ಬಡೋಸಿನ ಕಾಡ್ರಿಂಗ್ಟನ್ ತೋಟದ 411 ಗುಲಾಮರ ಲೆಕ್ಕದಲ್ಲಿ 8,823 ಪೌಂಡ್. ಗುಲಾಮಗಿರಿಯಲ್ಲಿ ಪಾಲುಗೊಂಡದ್ದಕ್ಕೆ ಆ ಚರ್ಚಿನ ಮಹಾಸಭೆ ಕ್ಷಮೆ ಕೇಳಿದ್ದು 2006ರಲ್ಲಿ.