ಮುಕ್ತಾಯಕ್ಕನ ಶೋಕ ಮತ್ತು ಅರಿವು

ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆಯಂತಹ ಊರುಗಳಲ್ಲಿ ಸಾವಿನ ಮನೆಗೆ ಬಂದ ಹಿರಿಯರು ‘ಶಿವನ ಪಾದ ಸೇರಿದರು, ಅಳಬಾರದು’ ಎಂದು ಸಂತೈಸುವುದುಂಟು. ಮಾತು ಭಕ್ತಿಯದೇ. ಆದರೆ ಅತ್ತವರ ಭಕ್ತಿಗೆ ಕುಂದು ಬಂದಿತೇ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಹುಟ್ಟುತ್ತದೆ. 12ನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ತನ್ನ ಬಾಳಿನಲ್ಲಿಯೇ ಎದುರಿಸಿದವಳು ಶರಣೆ ಮುಕ್ತಾಯಕ್ಕ.

ಲಕ್ಕುಂಡಿಯ ಅಜಗಣ್ಣ ಆಕೆಗೆ ಒಡಹುಟ್ಟಿದವನೂ ಹೌದು, ಗುರುವೂ ಹೌದು. ಲಿಂಗನಿಷ್ಠೆಯನ್ನು ಲೋಕಕ್ಕೆ ತೋರಗೊಡದ ಗುಪ್ತಭಕ್ತ ಅವನು. ಬಾಗಿಲ ಮೇಲಣ ತೊಲೆ ತಲೆಗೆ ತಗುಲಿ ಅವನು ಲಿಂಗೈಕ್ಯನಾದನೆಂದು ಪರಂಪರೆಯ ಕಥನ ಹೇಳುತ್ತದೆ. ಒಂದೇ ಗಳಿಗೆಯಲ್ಲಿ ಮುಕ್ತಾಯಕ್ಕ ಅಣ್ಣನನ್ನೂ ದಾರಿದೀಪವನ್ನೂ ಕಳೆದುಕೊಂಡಳು. ಆ ದುಃಖದ ನಡುವೆ ಅಲ್ಲಮಪ್ರಭುದೇವರೊಡನೆ ನಡೆದ ಸಂವಾದವನ್ನು ಶೂನ್ಯಸಂಪಾದನೆ ಉಳಿಸಿಕೊಟ್ಟಿದೆ.

ಈ ಪ್ರಸಂಗವನ್ನು ಅಜ್ಞಾನಿಯಾದ ಹೆಣ್ಣಿಗೆ ಜ್ಞಾನಿ ಮಾಡಿದ ಬೋಧೆಯೆಂದಷ್ಟೇ ಓದಿದರೆ ಅದರ ಸತ್ತ್ವ ಕೈತಪ್ಪುತ್ತದೆ. ಮುಕ್ತಾಯಕ್ಕ ಸಿದ್ಧ ಸಮಾಧಾನಕ್ಕೆ ಒಲಿಯುವವಳಲ್ಲ. ಅರಿವು ನುಡಿಗೆ ನಿಲುಕದೆಂಬ ಪ್ರಭುದೇವರನ್ನೇ, ಹಾಗಾದರೆ ನಿಮ್ಮಲ್ಲಿ ನುಡಿ ಇನ್ನೂ ಉಳಿದುದೇಕೆ ಎಂಬ ಧಾಟಿಯಲ್ಲಿ ಆಕೆ ಪರೀಕ್ಷಿಸುತ್ತಾಳೆ. ಮೌನದಲ್ಲಿ ಬಾಳಿದ ಅಣ್ಣನೇ ಆಕೆಗೆ ಒರೆಗಲ್ಲು. ಅರಿತ ಶರಣನಿಗೆ ನುಡಿ ಕಳಂಕವಾಗದೆಂಬುದು ಪ್ರಭುದೇವರ ನಿಲುವು. ವಾದ ಸಾಗಿದಂತೆ ಅಣ್ಣನ ಅಗಲಿಕೆಯ ಅಳಲು ಅರಿವಿನ ಸ್ವರೂಪವನ್ನು ಕುರಿತ ಜಿಜ್ಞಾಸೆಯಾಗಿ ಮಾರ್ಪಡುತ್ತದೆ. ಶೋಕವನ್ನು ಅದುಮಿಟ್ಟಿದ್ದರೆ ಈ ಜಿಜ್ಞಾಸೆಗೆ ಎಡೆಯೇ ಇರುತ್ತಿರಲಿಲ್ಲ.

ಆಕೆಯ ಅಂಕಿತವೂ ಇದನ್ನೇ ಸಾರುತ್ತದೆ. ವಚನಕಾರರು ಸಾಮಾನ್ಯವಾಗಿ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇರಿಸಿಕೊಂಡರು. ಮುಕ್ತಾಯಕ್ಕನ ಅಂಕಿತವಾದರೋ ‘ಅಜಗಣ್ಣ ತಂದೆ’. ಶಿವನ ಹೆಸರು ನಿಲ್ಲುವ ಎಡೆಯಲ್ಲಿ ಅಗಲಿದ ಅಣ್ಣನ ಹೆಸರು ನಿಂತಿದೆ. ಇದು ಮೋಹವಲ್ಲವೇ ಎಂಬ ಆಕ್ಷೇಪ ಬರಬಹುದು. ಬರಿಯ ಮೋಹವಾಗಿದ್ದರೆ ಆ ಹೆಸರು ವಿಲಾಪದಲ್ಲಿಯೇ ಮುಗಿಯುತ್ತಿತ್ತು. ಇಲ್ಲಿ ಅದು ತತ್ತ್ವವಿಚಾರದ ವಚನಗಳಿಗೂ ಮುದ್ರೆಯಾಗಿದೆ. ಗುರುವಿಗೂ ಲಿಂಗಕ್ಕೂ ಭೇದವಿಲ್ಲವೆಂಬ ಶರಣತತ್ತ್ವವೇ ಅದಕ್ಕೆ ಆಧಾರ. ಅಣ್ಣನನ್ನು ಮರೆತು ಶಾಂತಳಾಗುವುದು ಆಕೆಯ ದಾರಿಯಾಗಿರಲಿಲ್ಲ. ಅವನ ಹೆಸರಿನಲ್ಲಿಯೇ ಪರತತ್ತ್ವವನ್ನು ಕರೆಯುವುದನ್ನು ಆಕೆ ಕಂಡುಕೊಂಡಳು.

ಆದುದರಿಂದ ಸಾವಿನ ಮನೆಯಲ್ಲಿ ಕಣ್ಣೀರನ್ನು ತಡೆಯಹೋಗುವ ಮುನ್ನ ಈ ಪ್ರಸಂಗವನ್ನು ನೆನೆಯುವುದು ಲೇಸು. ಪ್ರಭುದೇವರು ಕೂಡ ಮೊದಲು ವಿಚಾರಿಸಿದ್ದು ಆಕೆಯ ಅಳಲನ್ನು. ತತ್ತ್ವ ಆ ಬಳಿಕ ಬಂದಿತು.